ಮೂಲಂಗಿಗೂ ನಾರ್ಮಲ್

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನನ್ನದು ಒಂದೇ ಕೆಲಸ. ಅಳೆಯುವ ಸಾಮಾನುಗಳನ್ನು ಅಳೆಯುವುದು. ಗಾಡಿಯ ಬಿಡಿಭಾಗಗಳು ಸರಿಯಾಗಿವೆಯೇ ಎಂದು ನೋಡಲು ಕೆಲಸದವರ ಕೈಯಲ್ಲಿ ವರ್ನಿಯರ್, ಮೈಕ್ರೋಮೀಟರ್ ಇರುತ್ತವೆ. ಆ ವರ್ನಿಯರೇ ಸುಳ್ಳು ಹೇಳಿದರೆ? ಅದನ್ನು ನೋಡುವವನು ನಾನು. ಅಳತೆ ಮೊದಲೇ ಗೊತ್ತಿರುವ ಉಕ್ಕಿನ ತುಂಡೊಂದನ್ನು ಅದರ ಬಾಯಿಗೆ ಕೊಡುತ್ತೇನೆ. ಸರಿಯಾದ ಅಂಕಿ ತೋರಿಸಿದರೆ ತಾರೀಖು ಬರೆದ ಚೀಟಿ ಅಂಟಿಸುತ್ತೇನೆ, ಇಲ್ಲದಿದ್ದರೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಮೇಜಿನಿಂದ ಕೆಳಗೆ ಬಿದ್ದದ್ದನ್ನು, ನೋಡಲು ಏನೂ ಆಗಿರದಿದ್ದರೂ, ಮತ್ತೆ ಅಳೆಯುವ ತನಕ ಯಾರೂ ಮುಟ್ಟಕೂಡದು. ಈ ವಿಷಯದಲ್ಲಿ ನಾನು ಮ್ಯಾನೇಜರ ಮಾತನ್ನೂ ಕೇಳಿದವನಲ್ಲ.

ಮನೆಗೆ ಬಂದರೆ ನಾನು ಬೇರೆಯೇ ಮನುಷ್ಯ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಆ ಪೈಕಿ. ರಾಯಕೋಟೆಗೆ ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಫೋನ್ ತೆಗೆಯುತ್ತಿದ್ದೆ. ಕಡಲಾಚೆಯಿಂದ ನೇರವಾಗಿ ಮನೆಗೇ ಸಾಮಾನು ಕಳಿಸುವ ಅಂಗಡಿಗಳು ಅದರಲ್ಲಿದ್ದವು. ನಮ್ಮೂರ ಸಂತೆಯಲ್ಲಿ ಒಂದು ಬಕೆಟ್ಟಿಗೆ ಕೊಡುವ ದುಡ್ಡಿಗೆ ಅಲ್ಲಿ ಡ್ರಿಲ್ಲಿಂಗ್ ಮಿಷನ್ ಸಿಗುತ್ತಿತ್ತು. ಇಪ್ಪತ್ತು ಇಪ್ಪತ್ತೈದು ದಿನ ಕಾಯಬೇಕು, ಅಷ್ಟೇ. ಕಾಯುವುದೂ ಒಂದು ಸುಖವೇ. ಆ ಮಿಷನ್ ಬಂತು, ಗೋಡೆಗಿಟ್ಟರೆ ಗೋಡೆ ಅಲ್ಲಾಡಲಿಲ್ಲ, ಮಿಷನ್ನೇ ನನ್ನ ಕೈಯಲ್ಲಿ ಸುತ್ತಿತು. ಕಂಬಳಿ ಬಂತು, ಒಬ್ಬರ ಮೊಣಕಾಲಿಗೆ ಸಾಕಾಗುವಷ್ಟು. ಪಾರ್ಸಲ್ ತಂದವನು "ಅಣ್ಣಾ, ಪಾರ್ಸಲ್" ಎಂದು ಕೂಗಿದರೆ ಮೊದಲು ನಗುತ್ತಿದ್ದವಳು ನನ್ನ ಹೆಂಡತಿ.

"ಪುಕ್ಕಟೆ ಸಿಕ್ಕಿದ್ರೆ ನಂಗೊಂದಿರ್ಲಿ, ನಮ್ಮಪ್ಪಂಗೊಂದಿರ್ಲಿ ಅನ್ನೋ ಜಾತಿ ನೀವು. ಫ್ಯಾಕ್ಟ್ರೀಲಿ ಕೂದ್ಲು ಸೀಳ್ತೀರಂತೆ, ಇಲ್ನೋಡಿದ್ರೆ ಕಂಬ್ಳಿ ಉದ್ದ ನೋಡಕ್ಕೂ ಬರಾಕಿಲ್ಲ."

ಅವಳು ಟೊಮೇಟೊ ಬೆಳೆಯುವವಳು. ಸಂಬಳ ನನ್ನದು, ಊರಾಚೆಯ ಮುಕ್ಕಾಲು ಎಕರೆ ಅವಳದು. ಕ್ರೇಟಿನ ಮೇಲೆ ಗಟ್ಟಿ ಹಣ್ಣು, ಅಡಿಯಲ್ಲಿ ಮೆತ್ತಗಿನದು ತುಂಬುವ ಕೂಲಿಯವರನ್ನು ಕಂಡರೆ ಅವಳಿಗೆ ಆಗದು. ಬೈಗುಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಏರಿ, ತಮಿಳಿನಲ್ಲಿ ಮುಗಿಯುತ್ತಿತ್ತು. ಅವಳ ಬಾಯಿಗೆ ಹೆದರದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ನಾನೂ ಸೇರಿ.

ಎರಡು ವರ್ಷದ ಹಿಂದೆ, ಮನೆಮನೆಗೆ ಬರುವ ನರ್ಸಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ಜಾಸ್ತಿ ಇದೆ ಅಂದರು. ದಿನಕ್ಕೊಂದು ಮಾತ್ರೆ, ಬಿಡಬಾರದು. ಅವಳಿಗೆ ಮಾತ್ರೆ ಎಂದರೆ ಅಲರ್ಜಿ. ನುಂಗಿದರೆ ತಲೆ ತಿರುಗುತ್ತದೆ, ಹೊಲದಲ್ಲಿ ನಿಲ್ಲಲಾಗುವುದಿಲ್ಲ ಎಂದು ದಿನಾ ರಗಳೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಆ ವಾಚು. ಕೈಗೆ ಕಟ್ಟಿಕೊಂಡರೆ ಸಾಕು, ನಾಡಿ, ಬಿಪಿ, ನಿದ್ದೆ ಎಲ್ಲ ತೋರಿಸುತ್ತದಂತೆ. ಹೊಸೂರಿನ ಮೆಡಿಕಲ್ ಶಾಪಿನಲ್ಲಿ ತೋಳಿಗೆ ಸುತ್ತುವ ಒಳ್ಳೆಯ ಮಿಷನ್ ಇತ್ತು. ಅದರ ಕಾಲು ಬೆಲೆ ಇದಕ್ಕೆ. ತರಿಸಿದೆ.

ಮೊಟ್ಟಮೊದಲ ಬಾರಿಗೆ ಅವಳು ನಗಲಿಲ್ಲ. ಗುಲಾಬಿ ಬಣ್ಣದ ಪಟ್ಟಿ, ಒತ್ತಿದರೆ ಅಡಿಯಲ್ಲಿ ಹಸಿರು ದೀಪ ಮಿಣುಕಿ, ಅರ್ಧ ನಿಮಿಷದಲ್ಲಿ 118, ಕೆಳಗೆ 76. ಮಾರನೆಯ ದಿನ 120, 78. ಟೊಮೇಟೊ ಕೀಳುವ ಹೆಂಗಸರಿಗೆಲ್ಲ ತೋರಿಸಿದಳು. "ನಮ್ ಯಜಮಾನ್ರು ತರ್ಸಿದ್ದು, ಅವ್ರಿಗೆ ಮಿಷನ್ ಇಷ್ಯ ಚೆನ್ನಾಗಿ ಗೊತ್ತು" ಎಂದು ಅವಳು ಹೇಳುವುದನ್ನು ನಾನೇ ಬೇಲಿಯಾಚೆ ನಿಂತು ಕೇಳಿದೆ. ಇಪ್ಪತ್ತು ವರ್ಷದಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವಳು ಮಾತ್ರೆಯನ್ನು ದಿನ ಬಿಟ್ಟು ದಿನ ಮಾಡಿದಳು. ನಾನು ಬೇಡವೆಂದರೆ ಮುಂಗೈ ಎತ್ತಿ ತೋರಿಸುತ್ತಿದ್ದಳು.

ಒಂದು ಭಾನುವಾರ ಅವಳು ಸ್ನಾನಕ್ಕೆ ಹೋಗಿದ್ದಳು. ವಾಚು ಅಡುಗೆಮನೆಯ ಕಟ್ಟೆಯ ಮೇಲಿತ್ತು, ಪಕ್ಕದಲ್ಲಿ ಹುಳಿಗೆಂದು ತೊಳೆದಿಟ್ಟ ಮೂಲಂಗಿ. ಯಾಕೆ ಹಾಗೆ ಮಾಡಿದೆನೋ, ಕೈಗೆ ಅಂಟಿದ ಚಾಳಿ ಅನ್ನಬೇಕು. ಮೂಲಂಗಿ ಅವಳ ಮುಂಗೈಯಷ್ಟೇ ದಪ್ಪವಿತ್ತು. ಅದಕ್ಕೆ ಪಟ್ಟಿ ಬಿಗಿದು ಒತ್ತಿದೆ. ಹಸಿರು ದೀಪ ಮಿಣುಕಿತು. 119, 77. ನಾಡಿ ಎಪ್ಪತ್ನಾಲ್ಕು. ಮೂಲಂಗಿ ಆರೋಗ್ಯವಾಗಿತ್ತು.

ನನಗೆ ನಗು ಬಂತು. ಇನ್ನೊಂದು ಸಲ ಒತ್ತಿದೆ, 121, 78. ಬಚ್ಚಲಿನ ಬಾಗಿಲ ಸದ್ದಾಯಿತು. ಪಟ್ಟಿ ಬಿಚ್ಚಿ, ಒರೆಸಿ, ಇದ್ದಲ್ಲೇ ಇಟ್ಟೆ. ಅವಳು ತಲೆಗೆ ಟವಲು ಸುತ್ತಿಕೊಂಡು ಬಂದು, ವಾಚು ಕಟ್ಟಿಕೊಂಡು, ಆ ಮೂಲಂಗಿಯನ್ನೇ ಹೆಚ್ಚಿದಳು. ಮಧ್ಯಾಹ್ನ ಮುದ್ದೆಗೆ ಅದೇ ಹುಳಿ. ಊಟ ಮಾಡುವಾಗ ಹೇಳೋಣವೆಂದು ಬಾಯಿ ತೆರೆದೆ. ಬದಲಿಗೆ ಉಪ್ಪು ಕೇಳಿದೆ.

ಕಾರ್ಖಾನೆಯಲ್ಲಾಗಿದ್ದರೆ ಅದು ಅದೇ ಗಳಿಗೆಯಲ್ಲಿ ಬೀರುವಿನೊಳಗೆ ಇರುತ್ತಿತ್ತು. ಮನೆಯಲ್ಲಿ ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಹೊಲಕ್ಕೆ ಔಷಧಿ ಹೊಡೆಯುವುದಿತ್ತು. ನಾಡಿದ್ದು ಅವಳ ಮನಸ್ಸು ಸರಿ ಇರಲಿಲ್ಲ. ಅದರ ಮಾರನೆಯ ದಿನ ಸರಿ ಇತ್ತು, ಕೆಡಿಸುವುದು ಬೇಡ ಅನ್ನಿಸಿತು. ಒಂದು ಬೆಳಗ್ಗೆ ಮಾತ್ರ "ಮಾತ್ರೆ ಬುಡ್ಬೇಡ ಕಣೇ" ಎಂದೆ. "ನಾರ್ಮಲ್ ಐತೆ ಅಂತ ನೀವ್ ತರ್ಸಿರೋದೇ ಹೇಳ್ತದಲ್ಲ" ಎಂದಳು. ಮಾತ್ರೆಯನ್ನು ಪೂರ್ತಿ ಬಿಟ್ಟೇಬಿಟ್ಟಿದ್ದಾಳೆಂದು ನನಗೆ ಆಗ ಗೊತ್ತಾಯಿತು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಮೂಲಂಗಿಯ ಭಾನುವಾರದಿಂದ ಹನ್ನೊಂದನೆಯ ದಿನ, ಕ್ರೇಟು ಎತ್ತಲು ಬಗ್ಗಿದವಳು ಹಾಗೇ ಕೂತಳಂತೆ. ಎಡಗೈ ಏಳಲಿಲ್ಲ, ಬಾಯಿ ಒಂದು ಕಡೆಗೆ ಜಗ್ಗಿತ್ತು. ಫೋನ್ ಬಂದಾಗ ನಾನು ಒಂದು ಮೈಕ್ರೋಮೀಟರಿಗೆ ಚೀಟಿ ಅಂಟಿಸುತ್ತಿದ್ದೆ. ಅಂಟಿಸುವುದನ್ನು ಮುಗಿಸಿಯೇ ಎದ್ದೆ. ಯಾಕೆಂದು ಈಗಲೂ ತಿಳಿಯದು.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು, "ಮಾತ್ತಿರೈ ಒಳುಂಗಾ ಸಾಪ್ಟಾಂಗಳಾ?" ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದರಾ ಎಂದು. ಇಲ್ಲ ಎಂದೆ. ಯಾಕೆ ಎಂದರು. ನನಗೆ ತಮಿಳು ಚೆನ್ನಾಗಿ ಬರುತ್ತದೆ, ಆದರೂ ಬರದವನ ಹಾಗೆ ನಿಂತೆ. ಬಿಪಿ ಇನ್ನೂರು ದಾಟಿದೆ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಗೋಡೆಯ ಫ್ಯಾನಿಗೆ ಎಷ್ಟು ರೆಕ್ಕೆ ಎಂದು ನೋಡುತ್ತಾ ಇದ್ದೆ.

ಹದಿನೆಂಟು ದಿನಕ್ಕೆ ಮನೆಗೆ ಬಂದೆವು. ಕಾಲು ಪರವಾಗಿಲ್ಲ, ಎಳೆದುಕೊಂಡು ನಡೆಯುತ್ತಾಳೆ. ಎಡಗೈ ಬೆರಳು ಮಡಚುವುದಿಲ್ಲ. ನಾಲಿಗೆ ತೊಡರುತ್ತದೆ, ನಾಲ್ಕು ಮಾತಿಗೆ ನಾಲ್ಕು ಸಲ ನಿಲ್ಲುತ್ತಾಳೆ. ಬೈಯುವುದಂತೂ ಸಾಧ್ಯವೇ ಇಲ್ಲ, ಬೈಗುಳಕ್ಕೆ ವೇಗ ಬೇಕು. ಮನೆಗೆ ಬಂದು ಅವಳು ಮೊದಲು ಕೇಳಿದ್ದು ವಾಚನ್ನು.

"ಅವತ್ತು... ಚಾರ್ಜಿಗ್ ಹಾಕಿದ್ದೆ. ಕೈಲಿ ಇದ್ದಿದ್ರೆ... ಮುಂಚೇನೇ ತೋರ್ಸಿರೋದು. ನಂದೇ ತಪ್ಪು."

ನಾನು ವಾಚು ತಂದು ಅವಳ ಮುಂಗೈಗೆ ಕಟ್ಟಿದೆ. ಒಂದೇ ಕೈಯಲ್ಲಿ ಪಟ್ಟಿ ಬಿಗಿಯಲು ಬಾರದು, ಅಂದಿನಿಂದ ದಿನಾ ಬೆಳಗ್ಗೆ ಕಟ್ಟುವವನು ನಾನೇ ಆದೆ. ಮಾತ್ರೆಯನ್ನೂ ನಾನೇ ಕೊಡುತ್ತಿದ್ದೆ, ಹೊಸೂರಿನ ಒಳ್ಳೆಯ ಮಿಷನ್ನನ್ನೂ ತಂದಿದ್ದೆ. ಎರಡೂ ಬೇರೆ ಬೇರೆ ಅಂಕಿ ತೋರಿಸಿದರೆ ಅವಳು ನಂಬುತ್ತಿದ್ದದ್ದು ಮುಂಗೈಯದನ್ನು. ಮೂರು ತಿಂಗಳು ಹೀಗೇ ನಡೆಯಿತು. ಬೆಳಗ್ಗೆ ಅವಳ ತಪ್ಪನ್ನು ಅವಳ ಕೈಗೆ ಕಟ್ಟಿ, ಬಸ್ಸು ಹತ್ತಿ, ಊರವರ ವರ್ನಿಯರ್‌ಗಳ ಸತ್ಯ ನೋಡಲು ಹೋಗುತ್ತಿದ್ದೆ. ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಅವಳ ತಂಗಿಯನ್ನು ಅಂಚೆಟ್ಟಿಯಾಚೆ ನಾಟ್ರಾಂಪಾಳ್ಯಕ್ಕೆ ಕೊಟ್ಟಿದೆ. ಕಾಡಿನ ನಡುವಿನ ಊರು, ದೊಡ್ಡ ಆಸ್ಪತ್ರೆಗೆ ಬಂದು ಹೋಗಲು ಒಂದು ದಿನ ಬೇಕು. ಕಳೆದ ತಿಂಗಳು ಒಂದು ಸಂಜೆ ಅವಳ ಫೋನ್ ಬಂತು. ಹೆಂಡತಿ ಸ್ಪೀಕರಿಗೆ ಹಾಕಿ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು.

"ಭಾವ, ನಂಗೂ ಬಿಪಿ ಐತೆ ಅಂದ್ಬುಟ್ರು. ಮಾತ್ರೆ ಮುಗ್ದೈತೆ, ಯಾರ್ ಹೋಯ್ತಾರೆ ಅಷ್ಟ್ ದೂರ. ಅಕ್ಕಂಗ್ ತರ್ಸಿದ್ರಲ್ಲ ವಾಚು, ನಂಗೂ ಅಂತದ್ದೇ ಒಂದ್ ತರ್ಸಿಕೊಡಿ. ಅದ್ರಲ್ ನಾರ್ಮಲ್ ಬಂದ್ರೆ ಬುಟ್ಟಾಕ್ತೀನಿ."

"ತರುಸ್ತಾರೆ" ಎಂದಳು ನನ್ನ ಹೆಂಡತಿ. "ಅವ್ರಿಗೆ... ಗೊತ್ತು."

"ಬೇಡ" ಎಂದೆ ನಾನು. ನನ್ನ ದನಿ ಇಷ್ಟು ಗಟ್ಟಿಯಾಗಿದೆಯೆಂದು ನನಗೇ ಗೊತ್ತಿರಲಿಲ್ಲ. "ನಾಳೇನೇ ಹೋಗಿ ಮಾತ್ರೆ ತಗಾ. ನಾನೇ ಬಂದು ಕರ್ಕೊಂಡೋಯ್ತೀನಿ. ಆ ವಾಚು ಸುಳ್ಳು. ಮೂಲಂಗಿಗೆ ಕಟ್ಟಿದ್ರೂ ನಾರ್ಮಲ್ ಅಂತದೆ. ನಾನು ಕಟ್ಟಿ ನೋಡಿವ್ನಿ."

ತಂಗಿ ಏನೋ ಕೇಳುತ್ತಿದ್ದಳು. ಹೆಂಡತಿ ಬಲಗೈಯಿಂದ ಫೋನ್ ನಿಲ್ಲಿಸಿದಳು. ಮುಂಗೈಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಯಾವಾಗ... ಕಟ್ಟಿದ್ರಿ?"

ಆಸ್ಪತ್ರೆಯಿಂದ ಬಂದ ಮೇಲೆ ಎಂದರೆ ಮುಗಿದು ಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ನಿಂಗೆ ಹಂಗಾಗೋಕೆ ಹನ್ನೊಂದು ದಿನ ಮುಂಚೆ."

ಬೀದಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

"ಯಾಕ್... ಹೇಳ್ಲಿಲ್ಲ?"

ಮೂರು ತಿಂಗಳಲ್ಲಿ ಎಷ್ಟೋ ಕಾರಣ ಜೋಡಿಸಿಟ್ಟುಕೊಂಡಿದ್ದೆ. ಹುಡುಕಿದರೆ ಒಂದೂ ಸಿಗಲಿಲ್ಲ, ಉಳಿದದ್ದು ನಿಜ ಮಾತ್ರ.

"ನೀನು ಬೈತೀಯ ಅಂತ."

ಅವಳ ಬಾಯಿ ಒಂದು ಕಡೆ ಮಾತ್ರ ಅಲುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಈಗ ಆ ಮುಖದಿಂದ ತಿಳಿಯುವುದಿಲ್ಲ. ಒಂದೊಂದೇ ಮಾತನ್ನು ಎತ್ತಿ ಎತ್ತಿ ಹೊರಗಿಟ್ಟಳು.

"ಬೈತಿದ್ದೆ ಕಣ್ರೀ. ಬೆಳಿಗ್ಗೆ... ಸುರು ಮಾಡಿದ್ರೆ... ಮದ್ಯಾನಕ್ಕೆ... ಮುಗ್ದೋಗ್ತಿತ್ತು."