ಚನ್ನಾಜಮ್ಮನಿಗೆ ಕಂಡದ್ದು

ಹುಲ್ಲಹಳ್ಳಿಯ ಚನ್ನಾಜಮ್ಮ ದೇವರು ದಿಂಡರೆಂದು ಹಾತೊರೆದ ಹೆಂಗಸಲ್ಲ. ಚಿಕ್ಕಂದಿನಲ್ಲಿ ದೀಕ್ಷೆ ಕೊಟ್ಟ ಅಯ್ಯನವರು ಹೇಳಿದ್ದರೆಂದು ದಿನಾ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಕಣ್ಣು ಲಿಂಗದ ಮೇಲಿದ್ದರೂ ಮನಸ್ಸು ನಾಲೆ ನೀರಿನ ಸರದಿಯ ಹಿಂದೆಯೋ ಒದೆಯುವ ಎಮ್ಮೆಯ ಹಿಂದೆಯೋ ಇರುತ್ತಿತ್ತು. ಎದ್ದಳೆಂದರೆ ಕಸ ಗುಡಿಸಿದ ಹಾಗೆ ಅದೂ ಒಂದು ಕೆಲಸ ಮುಗಿದಂತೆ.

ತೊಂಬತ್ತನಾಲ್ಕರ ಶ್ರಾವಣದಲ್ಲಿ ಒಂದು ದಿನ ಹಾಗೆ ಕೂತವಳು ಏಳಲೇ ಇಲ್ಲ. ಒಲೆಯ ಮೇಲಿನ ಅನ್ನ ಸೀದು ಹೊಗೆ ಹಜಾರಕ್ಕೆ ನುಗ್ಗಿದಾಗ ಗಂಡ ದೊಡ್ಡಸಿದ್ದಯ್ಯ ಓಡಿಬಂದ. ಸಂತೆಯಲ್ಲಿ ಬೆಲ್ಲ ಮಾರುವ, ಬಾಯಿ ಮುಚ್ಚದ ಮನುಷ್ಯ ಅವನು.

"ಅಮ್ಮೀ, ಅನ್ನ ಸೀದೋಯ್ತು ಕಣಮ್ಮಿ! ಏನಾಯ್ತು ನಿಂಗೆ?"

ಅವಳ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ನಗುತ್ತಿತ್ತು. "ಏನೂ ಆಗ್ನಿಲ್ಲ. ನಾನೇ ಇರ್ನಿಲ್ಲ ಅಷ್ಟೆ. ಎಮ್ಮೆ ಕೂಗಿದ್ದು, ನೀವು ಕೆಮ್ಮಿದ್ದು, ಕೈಲಿದ್ದ ಲಿಂಗ, ಎಲ್ಲಾ ಒಂದೇ ಆಗಿತ್ತು. ನೋಡೋಳು ಅಂತ ಬ್ಯಾರೆ ಯಾರೂ ಇರ್ನಿಲ್ಲ."

ದೊಡ್ಡಸಿದ್ದಯ್ಯನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೇ ಹೋಗಿ ಸಂತೆಯಲ್ಲೆಲ್ಲಾ ಹೇಳಿದ. ಆಮೇಲೆ ಜನ ಬಾಗಿಲಿಗೆ ಬರತೊಡಗಿದರು. ಕಳೆದ ದನ ಯಾವ ದಿಕ್ಕಿಗೆ ಹೋಯಿತು, ಮಗಳಿಗೆ ಯಾವಾಗ ಗಂಡು ಕೂಡಿಬರುತ್ತದೆ ಎಂದು ಕೇಳಿದರು. ಪಕ್ಕದ ಬೀದಿಯ ಮಂಗಳಮ್ಮ ಮೂರ್ಛೆರೋಗದ ಮಗಳು ರಮ್ಯಳನ್ನು ಕರೆತಂದು ಕಾಲಿಗೆ ಬಿದ್ದಳು.

"ಮಗೀಗೆ ಒಸಿ ವಿಭೂತಿ ಇಕ್ಕವ್ವ."

ಚನ್ನಾಜಮ್ಮ ಗಾಬರಿಯಿಂದ ಹಿಂದೆ ಸರಿದಳು. "ನಂಗೇನೂ ಗೊತ್ತಿಲ್ಲ ಕಣಕ್ಕ. ನಂಜನಗೂಡಿಗೆ ಓಗಿ ಡಾಕ್ಟ್ರಿಗೆ ತೋರ್ಸು."

"ಶಿವನ್ನ ಕಂಡೋಳ್ಗೆ ಒಂದು ಚಿಟಿಕೆ ವಿಭೂತಿ ಕೊಡಾಕೂ ಕೈ ಬರ್ನಿಲ್ಲ" ಎನ್ನುತ್ತಾ ಮಂಗಳಮ್ಮ ಮಗಳ ಕೈ ಹಿಡಿದು ಹೊರಟುಹೋದಳು. ಆಮೇಲೆ ನೀರಿನ ಕೊಳಾಯಿಯ ಹತ್ತಿರ ಎದುರಾದರೂ ಮಾತಾಡಲಿಲ್ಲ. ಬರುಬರುತ್ತಾ ಜನ ಬರುವುದೂ ನಿಂತಿತು. ಆ ಬೆಳಗಿನ ಅನುಭವವೂ ಮತ್ತೆ ಬರಲಿಲ್ಲ. ಬೇಕೆಂದು ಕೂತಷ್ಟೂ ಅದು ದೂರ ದೂರ ಹೋಗುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ದೊಡ್ಡಸಿದ್ದಯ್ಯನಿಗೆ ಲಕ್ವ ಹೊಡೆಯಿತು. ಬಲಭಾಗ ಸತ್ತುಹೋಯಿತು, ಮಾತು ನಿಂತಿತು. ಮೈಸೂರಿನ ಡಾಕ್ಟರು ಇಷ್ಟೇ ಎಂದು ಕೈಚೆಲ್ಲಿದರು. ಒಂದು ಬೆಳಿಗ್ಗೆ ಅವಳು ಪೂಜೆಗೆ ಕೂತಿದ್ದಾಗ ಮಂಚದ ಮೇಲಿಂದ ಅವನು ಎಡಗೈ ಚಾಚಿ, ನಾಲಿಗೆ ತಿರುಗದೆ ಒದ್ದಾಡಿ ಒದ್ದಾಡಿ ಹೇಳಿದ.

"ನಂ...ಗೂ... ತೋ...ರ್ಸು."

ಅವಳು ಅವನ ಕೊರಳಿನ ಲಿಂಗವನ್ನು ಅವನ ಅಂಗೈಯಲ್ಲಿಟ್ಟು, ಕೈ ನಡುಗದಂತೆ ಕೆಳಗೆ ತನ್ನ ಕೈ ಕೊಟ್ಟಳು. "ಏನೂ ಮಾಡ್ಬ್ಯಾಡಿ. ಸುಮ್ನೆ ನೋಡಿ" ಎಂದಳು. ಅವನು ಕಣ್ಣಲ್ಲಿ ನೀರು ಬರುವವರೆಗೂ ನೋಡಿದ, ಕೊನೆಗೆ ಇಲ್ಲವೆಂದು ತಲೆಯಾಡಿಸಿದ. ದಿನಾ ಇದೇ ಆಯಿತು. ಬಚ್ಚಿಡುತ್ತಿದ್ದಾಳೆಂದು ಒಮ್ಮೆ ಸಿಟ್ಟಿನಿಂದ ನೀರಿನ ಲೋಟವನ್ನು ಅವಳ ಮೇಲೆಸೆದ. ಅವಳು ನೆಲ ಒರೆಸಿ, ಹೊಸ ನೀರು ತಂದು ಕುಡಿಸಿದಳು.

ತಾಳಲಾರದೆ ಟಿ. ನರಸೀಪುರದ ಬಸ್ಸು ಹತ್ತಿ, ಹೊಳೆದಂಡೆಯ ಒಂದು ಸಣ್ಣ ಮಠಕ್ಕೆ ಹೋದಳು. ವಯಸ್ಸಾದ ಸ್ವಾಮಿಗಳು ಒಬ್ಬರೇ ಜಗಲಿಯಲ್ಲಿ ಕೂತಿದ್ದರು. ಅಡ್ಡಬಿದ್ದು ಎಲ್ಲವನ್ನೂ ಹೇಳಿದಳು.

"ಬುದ್ದಿ, ನಂಗೆ ಬಂದದ್ದನ್ನ ಅವ್ರಿಗೆ ಎಂಗೆ ಕೊಡ್ಲಿ?"

"ತಾಯಿ, ಕಾವಿ ಉಟ್ಟು, ಜನಕ್ಕೆ ಅರಿವು ಅರಿವು ಅಂತ ಹೇಳ್ತಾ ಹೇಳ್ತಾ ನಾನು ಮುದುಕನಾದೆ. ನಿನಗೆ ಬಂದದ್ದು ನನಗೇ ಇನ್ನೂ ಬಂದಿಲ್ಲ. ಕೊಡೋದು ಹೇಗೆ ಅಂತ ನನ್ನ ಕೇಳ್ತೀಯಲ್ಲ!" ಎಂದರು. ಸ್ವಲ್ಪ ಮುಂದಕ್ಕೆ ಬಾಗಿ, ಯಾರೂ ಕೇಳಿಸಿಕೊಳ್ಳಬಾರದೆಂಬಂತೆ, "ಹೇಗಿತ್ತು ಅದು?" ಎಂದು ಕೇಳಿದರು.

"ಎಮ್ಮೆ ಕೂಗ್ತು, ಅವ್ರು ಕೆಮ್ಮಿದ್ರು ಬುದ್ದಿ" ಎಂದಳು ಚನ್ನಾಜಮ್ಮ. ಹೇಳಿದ್ದು ಅವಳಿಗೇ ಬರೀ ಎಮ್ಮೆ, ಬರೀ ಕೆಮ್ಮು ಎಂದಷ್ಟೇ ಕೇಳಿಸಿತು. ಮಠದ ಬಾಳೆಹಣ್ಣಿನ ಪ್ರಸಾದವನ್ನು ಸೆರಗಿಗೆ ಕಟ್ಟಿಕೊಂಡು ವಾಪಸು ಬಸ್ಸು ಹತ್ತಿದಳು.

ಮನೆಯಲ್ಲಿ ಆ ಹಣ್ಣನ್ನು ಕಿವುಚಿ ಗಂಡನ ಬಾಯಿಗಿಟ್ಟು ನಿಜ ಹೇಳಿದಳು. "ನನ್ನ ಕೈಲಿ ಆಗಾಕಿಲ್ಲ ಕಣ್ರೀ. ನಂಗೂ ಈಗ ಅದಿಲ್ಲ." ಆಮೇಲೆ ಅವನು ಕೇಳುವುದನ್ನು ಬಿಟ್ಟ, ಆದರೆ ಬೆಳಿಗ್ಗೆಯಾದರೆ ಎಡಗೈ ಚಾಚುವುದನ್ನು ಬಿಡಲಿಲ್ಲ.

ಎರಡು ಸಾವಿರದ ಮೂರರ ಮಾಘದಲ್ಲಿ ಹಾಗೆ ಲಿಂಗ ನೋಡುತ್ತಾ ನೋಡುತ್ತಾ ಅವನ ಉಸಿರು ನಿಂತಿತು. ಸುದ್ದಿ ಕೇಳಿ ಬಂದವರಲ್ಲಿ ಮಂಗಳಮ್ಮನೂ ಇದ್ದಳು. ಎಷ್ಟೋ ವರ್ಷಗಳ ಮೇಲೆ ಪಕ್ಕದಲ್ಲಿ ಕೂತು, ಚನ್ನಾಜಮ್ಮನ ಬೆನ್ನು ಸವರಿದಳು.

"ನಿನ್ನ ಕೈಲಿ ನಿಜವಾಗ್ಲೂ ಏನೂ ಇರ್ನಿಲ್ಲ ಅಂತ ಈಗ ಗೊತ್ತಾಯ್ತು ಕಣವ್ವ" ಎಂದಳು. ತಡೆದು ಕೇಳಿದಳು: "ಓಗೋವಾಗ ಅವ್ರಿಗೇನಾರ ಕಂಡಂಗಾಯ್ತಾ?"

"ಗೊತ್ತಾಗ್ನಿಲ್ಲ ಕಣಕ್ಕ" ಎಂದಳು ಚನ್ನಾಜಮ್ಮ. "ಮುಖಾನೇ ನೋಡ್ತಾ ಇದ್ದೆ. ಆದ್ರೂ ಗೊತ್ತಾಗ್ನಿಲ್ಲ."