ಸೂಜಿ ಹಿಡಿಯುವ ಕೈಗೆ ಸ್ಟೇರಿಂಗ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶೆಡ್ಡಿನ ಬಾಗಿಲ ಕೆಳಗೆ ಎರಡು ಕಾಲು ಚಾಚಿಕೊಂಡಿವೆ. ಸವೆದ ಚಪ್ಪಲಿ, ಗ್ರೀಸು ಮೆತ್ತಿದ ಪ್ಯಾಂಟು. ಆ ಕಾಲು ಕಂಡರೆ ಸಾಕು, ಅಕ್ಕ ಕೆಲಸಕ್ಕೆ ಇಳಿದಿದ್ದಾಳೆ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಕಾರಿನ ಹೊಟ್ಟೆಯ ಕೆಳಗಿನಿಂದ ಅವಳು ಬಾನೆಟ್ಟಿನ ಆಚೆಗೆ ಕೇಳುವಂತೆ ಕೂಗುತ್ತಾಳೆ: "ರೀ, ಆ ಟಾರ್ಚ್ ಇತ್ತ ತಳ್ಳಿ. ಕತ್ತರಿ ಅಲ್ಲ, ಟಾರ್ಚು!"

ಶೆಡ್ಡಿನ ಅರ್ಧ ಭಾಗ ಗ್ಯಾರೇಜು, ಇನ್ನರ್ಧ ಟೈಲರ್ ಅಂಗಡಿ. ನಡುವೆ ದಪ್ಪ ಪರದೆ. ಈ ಕಡೆ ಜಾಕು, ಸ್ಪ್ಯಾನರು, ಬಿಚ್ಚಿಟ್ಟ ಪಂಪುಗಳು. ಆ ಕಡೆ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಅವಳ ಗಂಡ. "ಅವರು ಹೊಲೀತಾರೆ, ನಾನು ಬಿಚ್ತೀನಿ. ಸಂಸಾರ ನಡೀತಾ ಇದೆ," ಎಂದು ಅಕ್ಕ ನಗುತ್ತಾಳೆ. ಊರಿಗೆಲ್ಲ ಅವಳು ಸ್ಟೇರಿಂಗ್ ಅಕ್ಕ. ವಯಸ್ಸಾದ ಕಾರುಗಳ, ಪಂಪಿನ ಬಲದಿಂದ ಹಗುರಾಗಿ ತಿರುಗುವ ಪವರ್ ಸ್ಟೇರಿಂಗ್ ಬಿಟ್ಟು ಬೇರೆ ಕೆಲಸಕ್ಕೆ ಅವಳು ಕೈ ಹಾಕುವುದಿಲ್ಲ. ಬ್ರೇಕು, ಕ್ಲಚ್ಚು ಎಂದು ಬಂದವರನ್ನು ಎದುರಿನ ಗ್ಯಾರೇಜಿಗೆ ಕಳಿಸುತ್ತಾಳೆ.

ಕೆಲಸ ಕಲಿಸಿದ್ದು ಸೋದರಮಾವ. ಆಗಿನ ಕಾರುಗಳಲ್ಲಿ ಪವರ್ ಸ್ಟೇರಿಂಗ್ ಎಲ್ಲಿಂದ ಬರಬೇಕು? ನಿಂತಲ್ಲೇ ಸ್ಟೇರಿಂಗ್ ತಿರುಗಿಸಬೇಕಾದರೆ ಕುಂಡೆ ಸೀಟಿನಿಂದ ಮೇಲೇಳುತ್ತಿತ್ತು. ಹದಿಹರೆಯದಲ್ಲೇ ಅಂಥ ಗಾಡಿಗಳನ್ನು ಹಿಂದೆ ಮುಂದೆ ಮಾಡಿ ಮಾಡಿ ಅವಳ ತೋಳು ಗಟ್ಟಿಯಾದವು. "ಮದುವೆಗೆ ಮುಂಚೆ ಇವಳ ಅಂಗಿಗೆ ಅಳತೆ ತಗೊಂಡಿದ್ದೆ. ತೋಳು ನೋಡಿ, ಇನ್ನು ಜಗಳ ಆಡೋ ಹಾಗಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ," ಎಂದು ಪರದೆಯಾಚೆಯಿಂದ ಟೈಲರ್ ಸೇರಿಸುತ್ತಾನೆ. ಗ್ರೀಸಿನ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಮೂಗು ಮುರಿದ ನೆಂಟರೆಲ್ಲ ಈಗ ತಮ್ಮ ಗಾಡಿಗಳನ್ನು ಇಲ್ಲಿಗೇ ತರುತ್ತಾರೆ.

ದಿನಕ್ಕೆ ಮೂರೋ ನಾಲ್ಕೋ ಗಾಡಿ ಬರುತ್ತವೆ. ಅಕ್ಕ ಮೊದಲು ಬಿಚ್ಚುವುದಿಲ್ಲ, ಸದ್ದು ಕೇಳುತ್ತಾಳೆ. "ತಿರುಗಿಸಿದಾಗ ಕಿರ್ರ್ ಅಂದ್ರೆ ಬೆಲ್ಟ್ ಜಾರ್ತಿದೆ. ಗೊಂಯ್ ಅಂತ ಅಳ್ತಾ ಇದ್ರೆ ಆಯಿಲ್ ಇಳಿದಿದೆ, ಇಲ್ಲಾ ಗಾಳಿ ಸೇರಿದೆ, ಇಲ್ಲಾ ಪಂಪ್ ಸೋತಿದೆ. ಎಷ್ಟೋ ಸಲ ಟೈರಿಗೆ ಗಾಳಿ ಇಲ್ಲ ಅಷ್ಟೇ. ಅದನ್ನ ನೋಡದೆ ಪಂಪ್ ಬಿಚ್ಚಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ."

ಇಷ್ಟು ಬಲ್ಲ ಅಕ್ಕನೂ ಎಮ್ಮೆಗೇ ಬರೆ ಹಾಕಿದ್ದಾಳೆ ಎಂಬುದು ಇವತ್ತಿನ ಕತೆ.

ಈಗ ಬಾಗಿಲಿಗೆ ಅಡ್ಡವಾಗಿ ನಿಂತಿರುವುದು ಟ್ಯಾಕ್ಸಿ ಅಣ್ಣನ ಬಿಳಿ ಕಾರು. ಬೀದಿಯ ವಯಸ್ಸಾದವರನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದು, ಕಾದಿದ್ದು, ಕೈಹಿಡಿದು ಮೆಟ್ಟಿಲು ಹತ್ತಿಸಿ ಮನೆಗೆ ಬಿಡುವವನು ಅವನು. ಕೆಲವು ತಿಂಗಳ ಹಿಂದೆ ಇದೇ ಕಾರಿನ ಪಂಪು ಗೊಂಯ್ ಎನ್ನುತ್ತಿದ್ದಾಗ ಅಕ್ಕ ಅದನ್ನು ಬದಲಿಸಿ, ತಾನೇ ತಿರುಗಿಸಿ ನೋಡಿ, ಹಗುರವಾಗಿದೆ ಎಂದು ಕಳಿಸಿದ್ದಳು. ಇವತ್ತು ಅವನು ನಸುಕಿನಲ್ಲೇ ಬಂದಿದ್ದಾನೆ. ಭುಜ ಎತ್ತಲಾಗುತ್ತಿಲ್ಲ. ಮಗಳು ಕಾರು ಮಾರಲು ಮಾತಾಡಿದ್ದಾಳೆ, ಕೊಳ್ಳುವವರು ಬೆಳಿಗ್ಗೆಯೇ ಬರುತ್ತಾರೆ.

"ಸ್ಟೇರಿಂಗ್ ಒಂದು ಸಲ ನೋಡಮ್ಮ. ತಗೊಳ್ಳೋರಿಗೆ ಮೋಸ ಆಗಬಾರ್ದು," ಎನ್ನುತ್ತಾನೆ. ಕಾರಿನ ಕಡೆ ಮಾತ್ರ ನೋಡುವುದಿಲ್ಲ.

ಅಕ್ಕ ಕೂತು ತಿರುಗಿಸುತ್ತಾಳೆ. "ಹಗುರವಾಗೇ ಇದೆಯಲ್ಲಣ್ಣ!"

ಅಣ್ಣ ತಲೆಯಾಡಿಸುತ್ತಾನೆ. "ಇರಬೇಕು. ನನ್ನ ಭುಜಕ್ಕೇ ವಯಸ್ಸಾಯ್ತು."

ಮಾತು ಅಲ್ಲಿಗೇ ಮುಗಿದು, ಕಾರು ಮಾರಾಟವೂ ಆಗಿಬಿಡುತ್ತಿತ್ತು. ಅಷ್ಟರಲ್ಲಿ ಬಟ್ಟೆಯ ಗಂಟು ಒಳಗೆ ತರಲು ದಾರಿಯಿಲ್ಲದೆ ಟೈಲರ್ ಗೊಣಗುತ್ತಾ ಬಂದು, ಕಾರನ್ನು ಪಕ್ಕಕ್ಕೆ ಸರಿಸಲು ತಾನೇ ಕೂರುತ್ತಾನೆ. ಎಂಜಿನ್ ಶುರುವಾಗುತ್ತದೆ, ಸ್ಟೇರಿಂಗ್ ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

"ಇದೇನೇ ಇದು, ಸ್ಟೇರಿಂಗೋ ಗಾಣವೋ?"

ಅಕ್ಕ ಗಂಡನ ತೆಳು ಬೆರಳುಗಳನ್ನು ನೋಡುತ್ತಾಳೆ, ಆಮೇಲೆ ತನ್ನ ತೋಳನ್ನು. ದೀಪದ ಬುಡದಲ್ಲೇ ಕತ್ತಲು. ಗಾಣದಂಥ ಗಾಡಿಗಳನ್ನು ತಿರುಗಿಸಿ ಬೆಳೆದ ಕೈಗೆ ಎಲ್ಲವೂ ಹಗುರವೇ. ಪಂಪಿನ ಅಳು ನಿಂತದ್ದೇ ಭಾರವೂ ಹೋಯಿತೆಂದು ನಂಬಿದ್ದು ಈ ಕೈಯನ್ನು ನೆಚ್ಚಿಕೊಂಡು. ಅವಳಿಗೆ ನಾಚಿಕೆಯಾಗುತ್ತದೆ, ಮುಚ್ಚಿಡುವುದಿಲ್ಲ. "ತಪ್ಪು ನಂದು ಅಣ್ಣ. ಭಾರ ಇದೆ ಅಂತ ಅವತ್ತೇ ಯಾಕೆ ಬಂದು ಹೇಳ್ಲಿಲ್ಲ?"

"ನೀನು ಅಷ್ಟು ಪ್ರೀತಿಯಿಂದ ಮಾಡಿಕೊಟ್ಟಿದ್ದೆ. ಸರಿಯಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಭುಜದ್ದೇ ತಪ್ಪು ಅಂದ್ಕೊಂಡೆ."

ಅಕ್ಕ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತುತ್ತಾಳೆ. ಎಂಜಿನ್ ಬಂದ್. ಗಾಡಿ ಗಾಳಿಯಲ್ಲಿರುವಾಗಲೂ ಬಿಗಿಯಿದ್ದರೆ ಟೈರಿನ ತಪ್ಪಲ್ಲ, ಬಿಗಿ ಒಳಗಿದೆ ಎಂದು ಅವಳ ಲೆಕ್ಕ. ಅವಳು ಕೆಳಗೆ ಮಲಗಿ, ಸ್ಟೇರಿಂಗಿನಿಂದ ಇಳಿದು ಬರುವ ಸರಳನ್ನು ಹಿಡಿಯುತ್ತಾಳೆ. ಮೇಲೆ ಟೈಲರ್ ನಿಧಾನವಾಗಿ ತಿರುಗಿಸುತ್ತಾನೆ.

"ಈಗ ಬಿಗಿ," ಎನ್ನುತ್ತಾನೆ. "ಈಗ ಸಲೀಸು. ಮತ್ತೆ ಬಿಗಿ."

"ಒಂದು ಸುತ್ತಿನಲ್ಲಿ ಎರಡು ಸಲ ಹಿಡೀತಿದೆ ಅಲ್ವಾ? ಸಿಕ್ತು ಕಳ್ಳ!"

ಸರಳು ಬಾಗುವಲ್ಲಿ ಇರುವ ಚಿಕ್ಕ ಜಾಯಿಂಟು ತುಕ್ಕು ಹಿಡಿದು ಕೂತಿದೆ. ಅದರ ರಬ್ಬರ್ ಮುಚ್ಚಳ ಹರಿದು ಎಷ್ಟು ಕಾಲವಾಯಿತೋ. ಎಣ್ಣೆ ಬಿಟ್ಟು ಸಡಿಲಿಸಬಹುದು, ನಾಲ್ಕು ದಿನಕ್ಕೆ ಮತ್ತೆ ಅದೇ ಹಾಡು. ಅಕ್ಕ ಅದನ್ನು ತೆಗೆದು ಹೊಸದನ್ನೇ ಹಾಕಲು ನಿರ್ಧರಿಸುತ್ತಾಳೆ. ಜೋಡಿಸುವಾಗ ಸ್ಟೇರಿಂಗ್ ಓರೆಯಾಗದಿರಲು ಸರಳಿನ ಮೇಲೆ ಗುರುತು ಹಾಕಬೇಕು. ಟೈಲರ್ ಬಟ್ಟೆಗೆ ಗೆರೆ ಎಳೆಯುವ ತನ್ನ ಸುಣ್ಣದ ಬಿಲ್ಲೆ ಕೊಡುತ್ತಾನೆ. ಸ್ಟೇರಿಂಗ್ ಅಲುಗದಂತೆ ಬಿಗಿಯಲು ಪ್ಯಾಂಟಿನ ಅಂಚಿನ ಪಟ್ಟಿಯೊಂದನ್ನೂ ಕಟ್ಟುತ್ತಾನೆ. ಹೊರಗಿನ ಬೆಂಚಿನ ಮೇಲೆ ಅಣ್ಣ ಭುಜ ನೀವಿಕೊಳ್ಳುತ್ತಾ ಕೂತಿದ್ದಾನೆ. ಮಗಳ ಫೋನು ಬರುತ್ತದೆ, ತೆಗೆಯುವುದಿಲ್ಲ.

ಹೊಸ ಜಾಯಿಂಟು ಕೂತ ಮೇಲೆ ಕಾರು ನೆಲಕ್ಕಿಳಿಯುತ್ತದೆ. ಅಕ್ಕ ಸ್ಟೇರಿಂಗ್ ಮುಟ್ಟುವುದಿಲ್ಲ. ಟೈಲರ್ ತಿರುಗಿಸಿ, ನಾಟಕೀಯವಾಗಿ ಬಾಗಿ ಇಳಿಯುತ್ತಾನೆ. ಆಮೇಲೆ ಅಣ್ಣ ಕೂರುತ್ತಾನೆ, ನೋಯುವ ಕಡೆಯ ಕೈಯನ್ನೇ ಇಟ್ಟು ಎಡಕ್ಕೆ ತಿರುಗಿಸುತ್ತಾನೆ. ಬಲಕ್ಕೆ. ಮತ್ತೆ ಎಡಕ್ಕೆ. ಕಣ್ಣು ತುಂಬಿಕೊಂಡರೂ ಮುಖ ಅರಳುತ್ತದೆ. ಅಲ್ಲಿಂದಲೇ ಮಗಳಿಗೆ ಫೋನು ಮಾಡುತ್ತಾನೆ: "ಕೊಳ್ಳೋರಿಗೆ ಬರಬೇಡಿ ಅನ್ನಮ್ಮ. ವಯಸ್ಸಾಗಿದ್ದು ನನಗಲ್ಲ, ಜಾಯಿಂಟಿಗೆ!" ಬೀದಿಯ ತಿರುವಿನಲ್ಲಿ ಬೇಕೆಂದೇ ದೊಡ್ಡದಾಗಿ ಒಂದು ಸುತ್ತು ಹೊಡೆದು ಹೋಗುತ್ತಾನೆ.

ಅಕ್ಕ ಹತ್ತಿಯ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾಳೆ. ಹೆಸರು, ಬೋರ್ಡು ಇವೆಲ್ಲ ಬೇಕೆಂದು ಅವಳಿಗೆ ಅನ್ನಿಸಿಲ್ಲ. "ಗಾಡಿ ತಪ್ಪನ್ನ ಯಾರೂ ತಮ್ಮ ಮೈಮೇಲೆ ಹಾಕ್ಕೊಂಡು ಒದ್ದಾಡಬಾರ್ದು. ಅಷ್ಟೇ ನನ್ನಾಸೆ. ಪಾಪ, ಇಷ್ಟು ದಿನ ತನ್ನ ಭುಜಾನ ಬೈಕೊಂಡಿದ್ದ."

ಹೊರಗೆ ಇನ್ನೊಂದು ಹಳೆಯ ಕಾರು ಗೊಂಯ್ ಎನ್ನುತ್ತಾ ಬಂದು ನಿಲ್ಲುತ್ತದೆ. ಅಕ್ಕ ಸ್ಪ್ಯಾನರಿಗೆ ಕೈ ಹಾಕುವ ಮೊದಲು ಪರದೆ ಸರಿಸುತ್ತಾಳೆ.

"ರೀ, ಹೊಲಿಗೆ ನಿಲ್ಸಿ ಬನ್ನಿ. ನಿಮ್ಮ ಕೈ ಬೇಕು."