ಎದುರು ಪಕ್ಷದ ವರದಾಬಾಯಿ

ಮರಾಠಿ ಸೀಮೆಯ ಶಿವಾಜಿನಗರದ ಕೋರ್ಟಿನಲ್ಲಿ ವಕೀಲೆ ವರದಾಬಾಯಿಯವರ ಪದ್ಧತಿ ಗೊತ್ತಿಲ್ಲದ ಕಕ್ಷಿದಾರರು ಮೊದಲ ಸಲ ಹೌಹಾರುತ್ತಾರೆ. ವಾದಕ್ಕೆ ಮುಂಚೆ ಆಕೆ ಅವರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಚಹಾ ಕೊಡಿಸಿ, ಎದುರು ಪಕ್ಷದ ವಕೀಲೆಯಾಗಿ ಅವರ ಮೇಲೇ ಹರಿಹಾಯುತ್ತಾರೆ. ಧಾರವಾಡದ ಗಂಟಲು ಬೇರೆ. ಪಕ್ಕದ ಮೇಜಿನವರೂ ಚಹಾ ಮರೆತು ಕೇಳುತ್ತಾರೆ. ಬಿಡಿ ಎಂದರೆ ಬಿಡುವ ಪೈಕಿ ಆಕೆಯಲ್ಲ.

ಆ ಸೋಮವಾರ ಎದುರಿಗೆ ಕೂತವಳು ಸಾಬವ್ವ. ಅದೇ ಊರಿನ ಯೆರವಡಾ ಬಡಾವಣೆಯ ಮನೆಗಳಲ್ಲಿ ರೊಟ್ಟಿ ಬಡಿದು ಬದುಕುವವಳು. ಮಗ ಮಾಂತು ಗೋದಾಮಿನ ಹಮಾಲ. ಅಲ್ಲಿಯ ಕಳ್ಳತನದಲ್ಲಿ ಅವನ ಹೆಸರೂ ಸೇರಿ ಯೆರವಡಾದ ಜೈಲಿನಲ್ಲಿದ್ದ. ಇವತ್ತು ಜಾಮೀನು ಸಿಗದಿದ್ದರೆ ಇನ್ನೆಷ್ಟು ತಿಂಗಳು ಒಳಗೇ ಕೊಳೆಯಬೇಕೋ, ಹೇಳುವವರಿರಲಿಲ್ಲ.

“ಸಾಹೇಬರ, ಈ ಹುಡುಗ ವಿಜಯಪುರ ಕಡೆಯಾಂವ,” ವರದಾಬಾಯಿ ಸರಕಾರಿ ವಕೀಲರ ಗತ್ತಿನಲ್ಲಿ ಶುರುಮಾಡಿದರು. “ಇವತ್ತ ಬಿಟ್ರ ನಾಳೆ ಊರಿಗೆ ಓಡಿ ಹೋಗ್ತಾನ. ಆಮ್ಯಾಲ ಕೈಗೆ ಸಿಗಂಗಿಲ್ಲ.”

ಸಾಬವ್ವ ಕಣ್ಣು ಕಣ್ಣು ಬಿಟ್ಟಳು. “ಬಾಯಾರ, ನೀವು ಯಾರ ಕಡೆ ವಕೀಲರು?”

“ಈಗ ಸರಕಾರದ ಕಡೆ. ಓಡ್ತಾನೋ ಇಲ್ಲೋ?”

“ಎಲ್ಲಿಗೆ ಓಡ್ತಾನ್ರಿ?” ಸಾಬವ್ವನ ಪಿತ್ತ ನೆತ್ತಿಗೇರಿತು. “ನಮ್ಮ ಊರು ಡ್ಯಾಮಿನ ನೀರಾಗ ಮುಳುಗಿ ಭಾಳ ವರ್ಷ ಆತು. ಮನಿ ಇಲ್ಲ, ಹೊಲ ಇಲ್ಲ, ಗುಡಿ ಸೈತ ಇಲ್ಲ. ಮಾಂತು ಹುಟ್ಟಿದ್ದು, ಬೆಳದದ್ದು ಎಲ್ಲಾ ಯೆರವಡಾದಾಗ. ನಮಗ ಇರೋದು ಇದೊಂದ ಊರು!”

ವರದಾಬಾಯಿಗೆ ಒಳಗೊಳಗೇ ಖುಷಿಯಾಯಿತು. ಹಿಂದೆ ಎಷ್ಟು ಸಲ ಊರು ಯಾವುದೆಂದು ಕೇಳಿದರೂ ಸಾಬವ್ವ ಮುಳುಗಿದ ಊರಿನ ಹೆಸರನ್ನೇ ಠೀವಿಯಿಂದ ಹೇಳುತ್ತಿದ್ದಳು, ನಿನ್ನೆಯಷ್ಟೇ ಅಲ್ಲಿಂದ ಬಂದವಳ ಹಾಗೆ. ಮುಳುಗಿದ ಸಂಗತಿ ಹೊರಬರಲು ಈ ಜಗಳವೇ ಬೇಕಾಯಿತು.

ಕೋರ್ಟಿನಲ್ಲಿ ಸರಕಾರಿ ವಕೀಲರು ಹೇಳಿದ್ದೂ ಅದನ್ನೇ, ಆರೋಪಿ ಊರಿಗೆ ಪರಾರಿಯಾಗುತ್ತಾನೆ. ಹಿಂದಿನ ಬೆಂಚಿನಲ್ಲಿದ್ದ ಸಾಬವ್ವ ಎದ್ದೇಬಿಟ್ಟಳು; ವರದಾಬಾಯಿ ತಿರುಗಿ ನೋಡಿದ್ದಕ್ಕೆ ಕೂತಳು. ಆಮೇಲೆ ವರದಾಬಾಯಿ ಮರಾಠಿಯಲ್ಲಿ, ದನಿ ಏರಿಸದೆ, ನೀರಿನಲ್ಲಿ ಮುಳುಗಿದ ಮನೆ, ಹೊಲ, ಗುಡಿ ಒಂದನ್ನೂ ಬಿಡದೆ ಹೇಳಿದರು. ಬರೆಯುತ್ತಿದ್ದ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿದರು. ಜಾಮೀನು ಸಿಕ್ಕಿತು.

ಹೊರಗೆ ಬಂದ ಸಾಬವ್ವನಿಗೆ ಅಳು ನಿಲ್ಲಲಿಲ್ಲ. “ಬಾಯಾರ, ನಿಮ್ಮ ಊರೂ ಮುಳುಗೇದೇನ್ರಿ?”

“ಇಲ್ಲವ್ವ. ನಮ್ಮ ಧಾರವಾಡ ಗಟ್ಟಿ ಅದ.”

“ಮತ್ತ ಒಳಗ ನಿಮ್ಮದ ಮುಳುಗಿದಂಗ ಹೇಳಿದ್ರಲ್ಲ?”

“ಅದಕ್ಕ ಈ ಕರೀ ಕೋಟು ಹಾಕ್ಕೊಳ್ಳೋದು,” ಎಂದರು ವರದಾಬಾಯಿ. “ನಡಿ ಇನ್ನ. ಮಗನ್ನ ಕರಕೊಂಡು ನಿಮ್ಮ ಊರಿಗೆ ಹೋಗು.”

ಸಾಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಯೆರವಡಾದ ಬಸ್ಸಿಗೆ ಓಡಿದಳು.